ರಾಕ್ಷಸನ ಮುಖ ಎಲ್ಲಿಂದ ತರೋದು?

ಮೂರು ವರ್ಷ ನನ್ನ ಚಿತ್ರಗಳಲ್ಲಿ ನಾನು ಬರೆದ ರಾಕ್ಷಸರೆಲ್ಲ ಒಂದೇ ಥರ ಇದ್ದರು. ಕೊಂಬು, ಕಬ್ಬಿಣದ ಕವಚ, ಹರಿದ ಕಪ್ಪು ನಿಲುವಂಗಿ, ಹಿಂದೆ ಒಂದಿಷ್ಟು ಮಂಜು. ಒಂದು ಗೇಮ್ ಕಂಪನಿಗೆ ಕಳಿಸಿದೆ. "ಚೆನ್ನಾಗಿದೆ, ಆದರೆ ಇಂಥದ್ದು ನಮಗೆ ದಿನಾ ಬರುತ್ತೆ" ಎಂದರು. ಬೇಜಾರಾಯಿತು. ಆದರೆ ಸುಳ್ಳೇನಲ್ಲ. ಎಲ್ಲರೂ ನೋಡುವ ಚಿತ್ರಗಳನ್ನೇ ನಾನೂ ನೋಡಿ ಕಲಿತಿದ್ದೆ.

ಹಾಗಾಗಿ ಹೊಸ ಬ್ರಷ್ ಹುಡುಕುವುದನ್ನು ಸ್ವಲ್ಪ ದಿನ ಬಿಡಿ. ಚಿಕ್ಕಂದಿನಲ್ಲಿ ಯಾವುದಕ್ಕೆ ಹೆದರಿದ್ದಿರಿ, ಪಟ್ಟಿ ಮಾಡಿ.

ನನ್ನ ಪಟ್ಟಿಯಲ್ಲಿ ಮೊದಲು ಬಂದವನು ಮಹಿಷಾಸುರ. ಪುತ್ತೂರಿನ ಹತ್ತಿರ ಗದ್ದೆಯಲ್ಲಿ ದೇವಿ ಮಹಾತ್ಮೆ ಯಕ್ಷಗಾನ ಬಯಲಾಟ. ಅಜ್ಜಿಯ ಮಡಿಲಲ್ಲಿ ತೂಕಡಿಸುತ್ತಿದ್ದೆ. ಬೆನ್ನ ಹಿಂದೆ ಅಬ್ಬರ. ತಿರುಗಿದರೆ ದೊಂದಿ, ರಾಳದ ಪುಡಿ ಎರಚಿದಾಗ ಭಗ್ಗೆಂದು ಏಳುವ ಬೆಂಕಿ, ನಡುವೆ ಕೊಂಬು. ಅವನು ರಂಗಸ್ಥಳದ ಕಡೆಯಿಂದ ಬರಲೇ ಇಲ್ಲ, ನಮ್ಮ ಹಿಂದಿನಿಂದ ಬಂದ.

ದೊಡ್ಡವಳಾದ ಮೇಲೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕೂತು ನೋಡಿದೆ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚುಟ್ಟಿ ಇಡುತ್ತಾರೆ. ಒಂದೊಂದೇ ಬಿಳಿ ಮುಳ್ಳು, ಗಂಟೆಗಟ್ಟಲೆ. ಮುಗಿಯುವ ಹೊತ್ತಿಗೆ ಮನುಷ್ಯನ ಕೆನ್ನೆ ಎಲ್ಲಿ ಮುಗಿಯಿತು ಅಂತ ಗೊತ್ತೇ ಆಗುವುದಿಲ್ಲ. ಹೆದರಿಕೆ ಹುಟ್ಟುವುದು ಅಲ್ಲಿ. ಬೆಂಕಿಯ ಬೆಳಕು ಅಲುಗಾಡಿದಾಗ ಆ ಮುಳ್ಳುಗಳ ನೆರಳೂ ಅಲುಗಾಡುತ್ತದೆ.

ಹಾಗಂತ ವೇಷವನ್ನೇ ನಕಲು ಮಾಡಬೇಡಿ. ನಾನು ಮಾಡಿದೆ, ಕ್ಯಾಲೆಂಡರ್ ಚಿತ್ರ ಆಯಿತು. ಎತ್ತಿಕೊಳ್ಳಬೇಕಾದದ್ದು ಉಪಾಯವನ್ನು. ನನ್ನ ಈಗಿನ ಮಾಟಗಾತಿಗೆ ಚುಟ್ಟಿ ಇಲ್ಲ. ಅವಳ ಕೆನ್ನೆಯಂಚಿನಲ್ಲಿ ಬಿಳಿ ಅಣಬೆಗಳು ಸಾಲಾಗಿ ಎದ್ದಿವೆ. (ಭೂತಕೋಲದಲ್ಲಿ ದೈವಕ್ಕೆ ಕಟ್ಟುವ ಮೊಗ ಅಂದರೆ ಮುಖವಾಡ, ಬೆನ್ನಿಗೆ ಕಟ್ಟುವ ಅಣಿ ಮಾತ್ರ ನಾನು ಮುಟ್ಟುವುದಿಲ್ಲ. ಜನ ಕೈಮುಗಿಯುವುದನ್ನು ಮಾನ್‌ಸ್ಟರ್ ಮಾಡಲು ಮನಸ್ಸು ಬರುವುದಿಲ್ಲ.)

ಇನ್ನು ದಿನದ ಅಭ್ಯಾಸ. ಒಂದು ಹಾಳೆಯಲ್ಲಿ ಹೆಬ್ಬೆರಳಿನಷ್ಟು ಪುಟ್ಟ ಆಕಾರ ಇಪ್ಪತ್ತು, ಪೂರ್ತಿ ಕಪ್ಪು. ಕಣ್ಣು ಮೂಗು ಇಲ್ಲದೆ ಪಾತ್ರ ಗುರುತು ಸಿಗದಿದ್ದರೆ ಹೊಡೆದುಹಾಕಿ. ಉಳಿದ ಒಂದೆರಡಕ್ಕೆ ಮೂರೇ ಬಣ್ಣ, ಒಂದೇ ದೀಪ. ಆ ದೀಪ ಎಲ್ಲಿದೆ ಅಂತ ಮೊದಲೇ ಗುರುತು ಹಾಕಿಕೊಳ್ಳಿ. ಕಣ್ಣು ಕಿರಿದು ಮಾಡಿ ನೋಡಿ, ಎಲ್ಲ ಕಲಸಿ ಬೂದು ಕಂಡರೆ ವಿವರ ಜಾಸ್ತಿ ಆಗಿದೆ. ಇದಕ್ಕೆ ಸ್ಪೇನಿನ ಚಿತ್ರಕಾರ ಗೋಯಾ ಒಳ್ಳೆಯ ಮೇಷ್ಟ್ರು. 1799ರಲ್ಲಿ ಅವನು ಹೊರತಂದ 80 ಎಚಿಂಗ್‌ಗಳಲ್ಲಿ (ಲೋಹದ ತಗಡಿನ ಮೇಲೆ ಕೊರೆದು ಅಚ್ಚೊತ್ತಿದ ಚಿತ್ರಗಳು) ಮಾಟಗಾತಿಯರೂ ಇದ್ದಾರೆ, ಗೂಬೆಗಳೂ ಇವೆ. ಎಷ್ಟೋ ಕಡೆ ಹಿನ್ನೆಲೆ ಸುಮ್ನೆ ಚಪ್ಪಟೆ ಕತ್ತಲು. ಒಂದು ತಿಂಗಳು ಅವನ್ನು ಪೆನ್ಸಿಲ್‌ನಲ್ಲಿ ನಕಲು ಮಾಡಿದೆ. ಯಾರಿಗೂ ತೋರಿಸಲಿಲ್ಲ, ಅದು ಬರೀ ಕೈ ಪಳಗಿಸಲು.

ಚಿತ್ರ ಬರೆಯುವ ಟ್ಯಾಬ್ಲೆಟ್ ಯಾವುದಾದರೂ ನಡೆಯುತ್ತೆ.

ಹದಿನೈದು ಚಿತ್ರ ಮುಗಿದ ಮೇಲೆ ಪ್ರಿಂಟ್ ತೆಗೆದು ನೆಲದ ಮೇಲೆ ಹರಡಿ. ಏನು ಮತ್ತೆ ಮತ್ತೆ ಬಂದಿದೆ ನೋಡಿ. ನನ್ನ ಚಿತ್ರಗಳಲ್ಲಿ ಎಲ್ಲರ ಕೈಯೂ ಮೈಗಿಂತ ದೊಡ್ಡದಾಗಿತ್ತು, ಬೆರಳ ಗೆಣ್ಣು ಊದಿದ್ದವು. ಬೇಕೆಂದು ಬರೆದದ್ದಲ್ಲ. ಅಮ್ಮ ಕಾಫಿ ತಂದವರು ಬಗ್ಗಿ ನೋಡಿದರು. "ಅಜ್ಜಿಯದ್ದೇ ಕೈ ಅಲ್ವಾ ಮಾರಾಯ್ತಿ? ಅಡಿಕೆ ಸುಲಿದು ಸುಲಿದು ಹೀಗೇ ಆಗಿತ್ತು."

ಈಗ ಬೇಕೆಂದೇ ಹಾಗೆ ಬರೆಯುತ್ತೇನೆ.