ಹೊಸಬರಿಗೆ ಮಾರ್ಗದರ್ಶಿ: ಮೆಲ್ಬರ್ನ್‌ನಲ್ಲಿ 'ನಿಮ್ಮ ಟೀಮ್ ಯಾವುದು?' ಎಂದು ಕೇಳಿದರೆ

ಎಂಸಿಜಿ (ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್) ಅಂದ ಕೂಡಲೇ ನಮಗೆ ಕೊಹ್ಲಿ ನೆನಪಾಗುತ್ತಾರೆ. 2022ರಲ್ಲಿ ಪಾಕಿಸ್ತಾನದ ಮೇಲೆ ಔಟಾಗದೆ 82 ಹೊಡೆದ ರಾತ್ರಿ ಅಲ್ಲಿ 90 ಸಾವಿರ ಜನ. ಗಂಟಲು ಜಾಸ್ತಿ ನಮ್ಮವರದೇ. ಆದರೆ ಇಲ್ಲಿಯವರಿಗೆ ಕ್ರಿಕೆಟ್ ಬೇಸಿಗೆಯ ಆಟ. ಮಾರ್ಚ್ ಬಂತೆಂದರೆ ಸೆಪ್ಟೆಂಬರ್ ತನಕ ಫುಟಿಯದೇ ಕಾರುಬಾರು. ಫುಟಿ ಅಂದರೆ ಆಸ್ಟ್ರೇಲಿಯಾದವರದೇ ಆದ ಫುಟ್‌ಬಾಲ್. ಸಾಕರ್ ಅಲ್ಲ, ರಗ್ಬಿಯೂ ಅಲ್ಲ. ರಗ್ಬಿ ಹುಚ್ಚು ಸಿಡ್ನಿ ಕಡೆಯದು.

ಟೀಮ್ ಹಿಡಿಯುವುದು

ಕೆಲಸಕ್ಕೆ ಸೇರಿದ ಮೊದಲ ವಾರ ಲಿಫ್ಟಿನಲ್ಲಿ ಒಬ್ಬರು ನನ್ನ ಟೀಮ್ ಕೇಳಿದರು. ಆರ್‌ಸಿಬಿ ಎಂದೆ. ಆಮೇಲೆ ಒಂಬತ್ತನೇ ಮಹಡಿ ಬರುವವರೆಗೂ ಯಾರೂ ಮಾತಾಡಲಿಲ್ಲ!

ನೀವು ಹಾಗೆ ಮಾಡಬೇಡಿ. ಫುಟಿ ಲೀಗಿನ 18 ತಂಡಗಳಲ್ಲಿ ಒಂಬತ್ತು ಈ ಊರಿನವೇ. ಪಕ್ಕದ ಮನೆಯವರ ಟೀಮನ್ನೇ ಹಿಡಿದರೆ ಬೇಲಿ ಹತ್ತಿರ ಮಾತಿಗೆ ಬರವಿಲ್ಲ. ಹಿಡಿದ ಮೇಲೆ ಮಾತ್ರ ಬದಲಿಸಕೂಡದು. ಕಳೆದ ವರ್ಷ ಯಾರು ಗೆದ್ದರೋ ಅವರ ಶಾಲು ಹೊದ್ದುಕೊಂಡು ಸಂಘದ ಪಿಕ್ನಿಕ್ಕಿಗೆ ಬರುವವರನ್ನು ನೋಡಿದರೆ ನಾಚಿಕೆಯಾಗುತ್ತದೆ. 17 ವರ್ಷ ಕಪ್ ಬರದಿದ್ದರೂ 'ಈ ಸಲ ಕಪ್ ನಮ್ದೇ' ಎಂದವರು ನಾವು, ಅಲ್ವಾ? ಸೇಂಟ್ ಕಿಲ್ಡಾದವರಿಗೆ ಸಿಕ್ಕಿದ್ದು ಒಂದೇ ಕಪ್, ಅದೂ 1966ರಲ್ಲಿ. ನನ್ನ ಟೀಮ್ ಅದೇ.

ಇನ್ನೊಂದು. ಟೀಮಿಗೆ ಬೆಂಬಲ ಕೊಡ್ತೀನಿ ಅನ್ನೋಕೆ 'ರೂಟ್' ಮಾಡ್ತೀನಿ ಅನ್ನಬೇಡಿ. ಅಮೆರಿಕದಲ್ಲಿ ನಡೆಯುತ್ತೆ, ಇಲ್ಲಿ ಅದು ಹೊಲಸು ಮಾತು. 'ಬ್ಯಾರಕ್' ಅನ್ನಿ. ನಾನು ಟೀಮ್ ಲಂಚ್‌ನಲ್ಲಿ ಗಟ್ಟಿಯಾಗಿ ಅಂದು ಕಲಿತವನು.

ಆಟ

ಸಾಲಾಗಿ ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ 6 ಪಾಯಿಂಟ್, ಅವುಗಳ ಅಕ್ಕಪಕ್ಕದ ಸಂದಿಯಲ್ಲಿ ಹೋದರೆ 1. ಉಳಿದದ್ದು ನೋಡ್ತಾ ನೋಡ್ತಾ ಬರುತ್ತೆ.

ರಜೆ

ಫೈನಲ್ ಸಾಮಾನ್ಯವಾಗಿ ಸೆಪ್ಟೆಂಬರಿನ ಕೊನೆಯ ಶನಿವಾರ. ಅದರ ಹಿಂದಿನ ದಿನ, ಶುಕ್ರವಾರ, ವಿಕ್ಟೋರಿಯಾ ರಾಜ್ಯಕ್ಕೆಲ್ಲ ಸರ್ಕಾರಿ ರಜೆ. ಡಬ್ಬಿ ಕಟ್ಟಿಕೊಂಡು ಆಫೀಸಿಗೆ ಹೋಗಬೇಡಿ.

ಮಕ್ಕಳು

ಆಸ್‌ಕಿಕ್‌ಗೆ, ಅಂದರೆ ಮಕ್ಕಳಿಗೆ ಫುಟಿ ಕಲಿಸುವ ಕಡೆಗೆ, ಸೇರಿಸಿ. ಶನಿವಾರ ಗಣಿತ, ಭಾನುವಾರ ಕೀಬೋರ್ಡ್ ಅಂತ ಸುಮ್ನೆ ಎಳೆದಾಡಬೇಡಿ. ಸೋಮವಾರ ಶಾಲೆಯಲ್ಲಿ ಮಾತೆಲ್ಲ ಫುಟಿಯದೇ. ನಮ್ಮ ಮಗು ಮೂಲೆಯಲ್ಲಿ ನಿಲ್ಲುತ್ತೆ.

ಫುಟಿ ನೋಡಲು ಎಂಸಿಜಿಗೆ ಹೋಗುವಾಗ

- ಜೋಲಿಮಾಂಟ್ ಅಥವಾ ರಿಚ್ಮಂಡ್ ಸ್ಟೇಷನ್
- ಮೈಕಿ ಕಾರ್ಡ್ (ರೈಲು, ಟ್ರಾಮ್ ಟಿಕೆಟ್ಟಿಗೆ)
- ದಪ್ಪ ಜಾಕೆಟ್, ಬಿಸಿಲಿದ್ದರೂ
- ಮನೆ ಊಟ ಒಳಗೆ ಬಿಡುತ್ತಾರೆ, ಗಾಜಿನ ಬಾಟಲಿ ಬಿಡುವುದಿಲ್ಲ. ಪುಳಿಯೋಗರೆ ಸ್ವಲ್ಪ ಜಾಸ್ತಿಯೇ ಕಟ್ಟಿಕೊಳ್ಳಿ. ಪಕ್ಕದ ಸೀಟಿನವರು ಕೇಳುತ್ತಾರೆ.