‘ತುಂಬಾ ಚೆನ್ನಾಗಿತ್ತು’ ಅಂತ ಬರೆಯುವ ಮಕ್ಕಳಿಗೆ ಏನು ಕೇಳಬೇಕು?

ಮಕ್ಕಳನ್ನು ಲಾಲ್‌ಬಾಗ್ ಬಂಡೆಗೆ ಕರೆದುಕೊಂಡು ಹೋಗಿ ಬಂದು, ಕಲಿತದ್ದನ್ನು ಬರೆಯಿರಿ ಎಂದರೆ ಸಾಮಾನ್ಯವಾಗಿ ಸಿಗುವುದು ಇಷ್ಟು: ‘ಬಸ್ಸಿನಲ್ಲಿ ಹೋದೆವು. ಬಂಡೆ ನೋಡಿದೆವು. ತುಂಬಾ ಚೆನ್ನಾಗಿತ್ತು.’ ಅಷ್ಟು ದೊಡ್ಡ ಪ್ರಶ್ನೆಗೆ ಎಲ್ಲಿಂದ ಶುರು ಮಾಡಬೇಕು ಅಂತ ಪಾಪ ಅವರಿಗೂ ತೋಚುವುದಿಲ್ಲ.

ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ಕೇಳುವುದು ಒಂದೇ: ‘ಇವತ್ತು ಯಾವ ಮಾತಿಗೆ ತಲೆ ಕೆರೆದುಕೊಂಡೆ?’ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತ ಹೇಳಿದ ದಿನ ಹುಡುಗಿಯೊಬ್ಬಳು ಬರೆದಳು: ‘ಬಂಡೆ ಯಾವಾಗಲೂ ಇತ್ತು ಅಂದುಕೊಂಡಿದ್ದೆ. ಅದಕ್ಕೂ ವಯಸ್ಸಿದೆ ಅಂದಾಗ ನಂಬಲಿಲ್ಲ. ಬಿಳಿ ಕಪ್ಪು ಪಟ್ಟೆ ಮುಟ್ಟಿ ನೋಡಿದೆ. ಭೂಮಿಯ ಒಳಗೆ ಬಿಸಿಗೆ, ಒತ್ತಡಕ್ಕೆ ಹೀಗಾಯ್ತಂತೆ. ವಯಸ್ಸು ಹೇಗೆ ಲೆಕ್ಕ ಹಾಕಿದರೋ ಇನ್ನೂ ಗೊತ್ತಾಗಿಲ್ಲ.’ ಮೊದಲು ಏನು ಅಂದುಕೊಂಡಿದ್ದಳು, ಅದು ಎಲ್ಲಿ ಅಲುಗಾಡಿತು, ಇನ್ನೇನು ಬಾಕಿ ಇದೆ, ಎಲ್ಲವೂ ಬಂತಲ್ವಾ?

1988ರಲ್ಲಿ ಶಿಕ್ಷಣ ತಜ್ಞ ಗ್ರಹಾಂ ಗಿಬ್ಸ್ ಇಂಥ ಬರವಣಿಗೆಗೆ ಆರು ಹಂತ ಹೇಳಿದರು: ಏನಾಯಿತು, ಏನನ್ನಿಸಿತು, ಯಾವುದು ಸರಿಹೋಯಿತು ಯಾವುದು ಇಲ್ಲ, ಯಾಕೆ ಹಾಗಾಯಿತು, ಏನು ತಿಳಿಯಿತು, ಮುಂದೇನು. ಬಿ.ಎಡ್. ಓದುವವರಿಗೆ ಇದು ಚೆನ್ನಾಗಿ ಒದಗುತ್ತದೆ. ಎಂಟನೇ ಕ್ಲಾಸಿಗೆ ಆರನ್ನೂ ಬೋರ್ಡ್ ಮೇಲೆ ಬರೆದರೆ ಪರೀಕ್ಷೆಯ ಉತ್ತರದ ಹಾಗೆ ತುಂಬಿಸಿ ಕೊಡುತ್ತಾರೆ. ಅವರಿಗೆ ‘ಯಾಕೆ’ ಮತ್ತು ‘ಮುಂದೇನು’ ಸಾಕು.

ಅದೇ ದಿನ, ಕ್ಲಾಸಿನ ಕೊನೆಯ ಹತ್ತು ನಿಮಿಷದಲ್ಲಿ ಬರೆಸಿ. ಮನೆಗೆ ಕೊಟ್ಟರೆ ಗೈಡಿನ ಭಾಷೆ ನುಸುಳುತ್ತದೆ.

ಮಾರ್ಕ್ಸ್ ಖಂಡಿತ ಬೇಡ. ಒತ್ತಕ್ಷರ ತಪ್ಪಿದರೆ ಈ ನೋಟ್‌ಬುಕ್ಕಿನಲ್ಲಿ ತಿದ್ದಬೇಡಿ. ಕೆಂಪು ಗೀಟು ಕಂಡ ಮಗು ಮುಂದಿನ ಸಲ ತನಗೆ ಬರುವ ಪದಗಳನ್ನಷ್ಟೇ ಬರೆಯುತ್ತದೆ, ಅನ್ನಿಸಿದ್ದನ್ನು ಬಿಟ್ಟುಬಿಡುತ್ತದೆ. ಸುಮ್ನೆ ‘ಗುಡ್’ ಅಂತ ಹಾಕುವುದಕ್ಕಿಂತ ಪಕ್ಕದಲ್ಲಿ ಒಂದು ಪ್ರಶ್ನೆ ಬರೆಯಿರಿ. ಆ ಹುಡುಗಿಗೆ ನಾನು ಬರೆದದ್ದು: ‘ನೀನೇ ವಯಸ್ಸು ಕಂಡುಹಿಡಿಯಬೇಕಾದರೆ ಬಂಡೆಯಲ್ಲಿ ಏನನ್ನು ಅಳೆಯುತ್ತೀಯಾ?’ ಅದಕ್ಕೆ ಅವಳು ಇನ್ನೊಂದು ಪುಟ ಬರೆದಳು.

ನಮ್ಮ ಬೆಂಗಳೂರಿನ ಕ್ಲಾಸುಗಳಲ್ಲಿ ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳು ಜಾಸ್ತಿ. ಪೆನ್ನು ಹಿಡಿದು ಸುಮ್ಮನೆ ಕೂತವರನ್ನು ಅವಸರ ಮಾಡಬೇಡಿ. ಪಕ್ಕದವರಿಗೆ ಮೊದಲು ಬಾಯಲ್ಲಿ ಹೇಳಲಿ, ಯಾವ ಭಾಷೆಯಾದರೂ ಸರಿ. ಹೇಳಿದ್ದರಲ್ಲಿ ಒಂದು ವಾಕ್ಯ ಬರೆದರೂ ಆ ದಿನಕ್ಕೆ ಸಾಕು.