ಓದು ಬಾರದವರಿಗೂ ಚಾಳೀಸು ಬೇಕು

ಕೊಪ್ಪಳದ ಸುತ್ತಮುತ್ತ ಕಣ್ಣಿನ ತಪಾಸಣೆ ಮಾಡುವುದು ನನ್ನ ಕೆಲಸ. ಹಳ್ಳಿಯಲ್ಲಿ ಕ್ಯಾಂಪ್ ಅಂದರೆ ಪೊರೆ ಆಪರೇಷನ್ ಅಂತಲೇ ಲೆಕ್ಕ. ಕುರುಡುತನಕ್ಕೆ ದೊಡ್ಡ ಕಾರಣ ಪೊರೆಯೇ, ನಿಜ. ಆದರೆ ವಯಸ್ಸಾದವರನ್ನು ಹುಡುಕುವ ಭರದಲ್ಲಿ ನಲವತ್ತು, ಐವತ್ತರ ಹೆಣ್ಣುಮಕ್ಕಳನ್ನು ಯಾರೂ ಕೇಳುವುದಿಲ್ಲ. ದೂರದ ಬಸ್ಸಿನ ಬೋರ್ಡು ಕಾಣುತ್ತದೆ, ಕೈಯಲ್ಲಿರುವ ಸೂಜಿ ಕಾಣುವುದಿಲ್ಲ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಬಿಗಿಯಾಗುತ್ತದೆ, ಎಲ್ಲರಿಗೂ ಆಗುವಂಥದ್ದೇ. ಹೆಚ್ಚಿನವರಿಗೆ ಒಂದು ಚಾಳೀಸು, ಅಂದರೆ ಹತ್ತಿರದ್ದು ನೋಡುವ ರೆಡಿಮೇಡ್ ಚಸ್ಮಾ ಸಾಕು. ಅದೂ ಇವರಿಗೆ ಸಿಗುತ್ತಿಲ್ಲ.

"ನಾ ಏನ್ ಪೇಪರ್ ಓದಬೇಕಾಗೇತ್ರೀ ಸರ, ನನಗ್ಯಾಕ ಚಸ್ಮಾ?" ಎಲ್ಲ ಊರಲ್ಲೂ ಇದೇ ಮಾತು. ಹಾಗಾಗಿ ನಾನು ಅಕ್ಷರದ ಕಾರ್ಡನ್ನು ಮೊದಲು ತೆಗೆಯುವುದೇ ಇಲ್ಲ. "ದಿನಾ ಏನ್ ಕೆಲಸ ಮಾಡ್ತೀರವ್ವಾ?" ಅಂತ ಕೇಳುತ್ತೇನೆ. ಒಬ್ಬರು ಕೌದಿ ಹೊಲಿಯುತ್ತಾರೆ, ಇನ್ನೊಬ್ಬರು ಅಕ್ಕಿ ಆರಿಸುತ್ತಾರೆ. ಭಾಗ್ಯನಗರದ ಕಡೆಯಾದರೆ ಸಿಕ್ಕುಗಟ್ಟಿದ ಕೂದಲಿನ ಉಂಡೆಯನ್ನು ಕೂಲಿಗೆ ಬಿಡಿಸುವವರೇ ಜಾಸ್ತಿ. ಅದಕ್ಕೇ ನನ್ನ ಚೀಲದಲ್ಲಿ ಸೂಜಿ, ಕಪ್ಪು ದಾರ, ಕಲ್ಲು ಬೆರೆಸಿದ ಒಂದು ಹಿಡಿ ಅಕ್ಕಿ ಇದ್ದೇ ಇರುತ್ತದೆ.

ಆದರೂ ಮೊದಲು ನೋಡಬೇಕಾದದ್ದು ದೂರದ ದೃಷ್ಟಿ. 'ಇ' ಅಕ್ಷರ ನಾಲ್ಕು ದಿಕ್ಕಿಗೆ ತಿರುಗಿರುವ ಚಾರ್ಟು, 6 ಮೀಟರ್ ದೂರ, ಒಂದೊಂದೇ ಕಣ್ಣು. ಮಂಜಾಗಿದ್ದರೆ ಪಿನ್‌ಹೋಲ್, ಅಂದರೆ ಸಣ್ಣ ತೂತಿರುವ ಮರೆ, ಕಣ್ಣಿನ ಮುಂದೆ ಹಿಡಿಯುತ್ತೇನೆ. ಅದರಲ್ಲೂ ಸರಿಯಾಗದಿದ್ದರೆ ಸುಮ್ನೆ ಚಸ್ಮಾ ಕೊಟ್ಟು ಕಳಿಸಬಾರದು, ಪೊರೆಯೋ ನರದ ತೊಂದರೆಯೋ ಇರಬಹುದು, ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಯಬೇಕು. ಸಕ್ಕರೆ ಕಾಯಿಲೆ ಇದ್ದವರು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲ, ಅಂದರೆ ಕಣ್ಣಿನ ಒಳಗಿನ ಹಿಂಬದಿಯ ಪರದೆ, ತೋರಿಸಿಕೊಳ್ಳಲೇಬೇಕು. ಇದೆಲ್ಲ ಆದ ಮೇಲೆ ಹತ್ತಿರದ್ದು. ನಲವತ್ತರ ಆಸುಪಾಸಿಗೆ ಪ್ಲಸ್ 1 ನಂಬರಿನ ಚಸ್ಮಾ, ಐವತ್ತಕ್ಕೆ ಪ್ಲಸ್ 2ರ ಹತ್ತಿರ, ಕಡಿಮೆಯಿಂದ ಶುರು ಮಾಡಿ ಏರಿಸುತ್ತಾ ಹೋಗುತ್ತೇನೆ.

ಕೂದಲು ಬಿಡಿಸುವ ಅಕ್ಕ ಒಬ್ಬರು ಉಂಡೆಯನ್ನು ಕೈ ಚಾಚಿ ದೂರ ಹಿಡಿದು, ಬಾಗಿಲ ಬೆಳಕಿಗೆ ಓರೆ ಮಾಡಿ ನೋಡುತ್ತಿದ್ದರು. ಪ್ಲಸ್ 2 ಹಾಕಿದೆ. ಕೈ ತಾನಾಗಿಯೇ ಹತ್ತಿರ ಬಂತು. ಒಂದು ಬಿಳಿಕೂದಲು ಎಳೆದು ಪಕ್ಕಕ್ಕಿಟ್ಟರು, ಮತ್ತೊಂದು, ಇನ್ನೊಂದು. "ಇಷ್ಟು ಬಿಳೀವು ಇದ್ವೇನ್ರೀ ಇದರಾಗ!" ಅಲ್ಲಿಯವರೆಗೆ ಶಾಲೆಯಿಂದ ಬಂದ ಮಗಳೇ ಅದನ್ನು ಆರಿಸಿಕೊಡುತ್ತಿದ್ದಳಂತೆ.

ಬಿಡಿಸಿದಷ್ಟಕ್ಕೆ ಕೂಲಿ ಅನ್ನುವ ಕೆಲಸದಲ್ಲಿ ಕಣ್ಣು ಮಸುಕಾದರೆ ಸಂಪಾದನೆಯೇ ಇಳಿಯುತ್ತದೆ. ಅಸ್ಸಾಂನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೆಲಸಗಾರರಿಗೆ ಹತ್ತಿರದ ಚಸ್ಮಾ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಚಸ್ಮಾ ಸಿಗದವರಿಗಿಂತ ಇವರು ಕಿತ್ತ ಎಲೆ ಸುಮಾರು 22 ಶೇಕಡಾ ಜಾಸ್ತಿ. ಮೆಣಸಿನಕಾಯಿ ಆರಿಸುವವರು, ಕಿನ್ನಾಳದ ಗೊಂಬೆಗೆ ಸಣ್ಣ ಕುಂಚ ಹಿಡಿಯುವವರು, ಇವರೆಲ್ಲರ ಕಣ್ಣಿನ ಕೆಲಸವೂ ಅಂಥದ್ದೇ ಅಲ್ವಾ?

ಹೊತ್ತು ನೋಡಿಕೊಂಡು ಹೋಗಬೇಕು. ಹಗಲು ಎಲ್ಲರೂ ಹೊಲದಲ್ಲಿರುತ್ತಾರೆ, ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೊರಟಿರುತ್ತಾರೆ. ಸಂಜೆ ಅಡುಗೆಗೆ ಕೂರುವ ಮುಂಚೆ, ಅಂಗನವಾಡಿಯಲ್ಲೋ ಯಾರದಾದರೂ ಕಟ್ಟೆಯ ಮೇಲೋ, ಆಶಾ ಅಕ್ಕ ಜೊತೆಗಿದ್ದರೆ ಜನ ಬರುತ್ತಾರೆ. ಒಂದು ಓಣಿಯ ನಾಲ್ಕೈದು ಹೆಣ್ಣುಮಕ್ಕಳಿಗೆ ಒಟ್ಟಿಗೇ ಕೊಡುವುದು ಒಳ್ಳೆಯದು. ಒಬ್ಬರೇ ಹಾಕಿಕೊಂಡರೆ "ಟೀಚರಮ್ಮ ಆದ್ಯಾ?" ಅಂತ ಕಾಡಿಸುತ್ತಾರೆ, ಆಮೇಲೆ ಅದು ಟ್ರಂಕಿನ ತಳ ಸೇರುತ್ತದೆ. ಇನ್ನೊಂದು ವಿಷಯ, ಹಾಕಿಕೊಂಡು ನಡೆಯಬೇಡಿ ಅಂತ ಹೇಳಲೇಬೇಕು. ಹತ್ತಿರದ ಚಸ್ಮಾದಲ್ಲಿ ನೆಲ ತೇಲಿದಂತಾಗಿ ತಲೆ ಸುತ್ತುತ್ತದೆ, ನಂಬರ್ ಸರಿಯಿಲ್ಲ ಅಂತ ತೆಗೆದಿಟ್ಟುಬಿಡುತ್ತಾರೆ. ಕೊರಳಿಗೆ ದಾರ ಕಟ್ಟಿಕೊಟ್ಟರೆ ಎದ್ದಾಗ ಇಳಿಸಿಕೊಳ್ಳಬಹುದು.

ಪೊರೆ ತೆಗೆಸಿಕೊಂಡವರಿಗೂ ಇದೇ ಬೇಕು. ಒಳಗೆ ಕೂರಿಸುವ ಲೆನ್ಸು ಸಾಮಾನ್ಯವಾಗಿ ದೂರಕ್ಕೆ ಹೊಂದಿಸಿದ್ದು, ಹತ್ತಿರಕ್ಕೆ ಚಸ್ಮಾ ಬೇಕೇ ಬೇಕು. ಅದನ್ನು ಯಾರೂ ತಿಳಿಸಿ ಹೇಳದಿದ್ದರೆ ಅಜ್ಜಿ ಅಕ್ಕಿಯಲ್ಲಿನ ಕಲ್ಲು ಕಾಣದೆ "ಆಪರೇಷನ್ ಆದ್ರೂ ಕಣ್ಣು ಬರಲಿಲ್ಲ" ಅನ್ನುತ್ತಾಳೆ. ಆ ಮಾತು ಕೇಳಿದ ಪಕ್ಕದ ಮನೆಯವರು ಆಸ್ಪತ್ರೆಯ ಗಾಡಿ ಹತ್ತುವುದಿಲ್ಲ. ಹಾಗಾಗಿ ಹೊಸ ಊರಿಗೆ ಹೋದರೆ ನಾನು ಮೊದಲು ಕೇಳುವುದು ಆಪರೇಷನ್ ಆದವರ ಮನೆ ಎಲ್ಲಿ ಅಂತ.